ಮಾವನ ಕಣ್ಣು, ಕೊತ್ತಂಬರಿಯ ಬಣ್ಣ

ಆ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಕೊತ್ತಂಬರಿ ನಿಜವಾಗಿ ಸೀದುಹೋಯಿತೇ ಎಂಬುದು ನನಗೆ ಈಗ ಖಚಿತವಿಲ್ಲ. ಸೀದುಹೋಯಿತು ಎಂದು ಹತ್ತಾರು ಜನರ ಮುಂದೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಹೊಗೆ ಸ್ವಲ್ಪ ಹೆಚ್ಚಾಗಿದೆ. ಮೊದಲ ಸಲ ಬೀಜದ ಬಣ್ಣ ಹದ ಮೀರಿತ್ತು, ಅಷ್ಟೇ. ಮೂರನೆಯ ಸಲದ ಹೊತ್ತಿಗೆ ಹೊಗೆ ಹೋಗಲೆಂದು ಹಿಂದಿನ ಬಾಗಿಲು ತೆರೆದಿದ್ದೆವು. ಕಳೆದ ವರ್ಷ ಒಂದು ಮದುವೆ ಮನೆಯಲ್ಲಿ ಹೇಳುವಾಗ ಪಕ್ಕದ ಅಂಗಡಿಯವನು ಬೆಂಕಿ ಬಿತ್ತೆಂದು ಓಡಿಬಂದಿದ್ದ. ಆ ಅಂಗಡಿಯವನು ಕಥೆಯೊಳಗೆ ಎಲ್ಲಿಂದ ನುಗ್ಗಿದನೋ ನನಗೇ ಗೊತ್ತಿಲ್ಲ. ಆ ದಿನ ಬಾಣಲೆಯ ಮುಂದೆ ನಿಂತಿದ್ದವರು ನನ್ನ ಸೋದರಮಾವ. ಅವರನ್ನು ಕೇಳಿದರೆ "ಎಂತದೂ ಆಗ್ಲಿಲ್ಲ" ಎನ್ನುತ್ತಾರೆ. ಅವರ ಮಗಳು ಅಲ್ಲಿರಲೇ ಇಲ್ಲ. ಆದರೂ ಅವಳಿಗೆ ಹೊಗೆಯ ವಾಸನೆ ಚೆನ್ನಾಗಿ ನೆನಪಿದೆ.

ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಜೀವರಸಾಯನ ಶಾಸ್ತ್ರ. ಸಂಶೋಧನೆಗೆಂದು ಸೇರಿ, ನಡುವೆ ಬಿಟ್ಟು, ಕಾಲೇಜಿನಲ್ಲಿ ಪಾಠ ಮಾಡಿ, ಅದನ್ನೂ ಬಿಟ್ಟು, ಈಗ ಮದರಾಸಿನ ಶೋಳಿಂಗನಲ್ಲೂರಿನ ಒಂದು ಕಚೇರಿಯಲ್ಲಿದ್ದೇನೆ. ಔಷಧಗಳ ಬಗ್ಗೆ ಬೇರೆಯವರು ಬರೆದ ವಾಕ್ಯಗಳಿಗೆ ಆಧಾರ ಇದೆಯೋ ಇಲ್ಲವೋ ಎಂದು ತಾಳೆ ನೋಡುವುದು ನನ್ನ ಕೆಲಸ. "ಎಂದು ತಿಳಿದುಬಂದಿದೆ" ಎಂದಿರುವಲ್ಲಿ "ಯಾರಿಗೆ?" ಎಂದು ಅಂಚಿನಲ್ಲಿ ಬರೆಯುವವನು ನಾನು. ಇದೇ ಪ್ರಶ್ನೆಯನ್ನು ನನ್ನ ನೆನಪಿಗೆ ಹಾಕಿದರೆ ಅರ್ಧಕ್ಕರ್ಧ ಹೊಡೆದುಹಾಕಬೇಕಾಗುತ್ತದೆ. ಆದರೂ ಬರೆಯುತ್ತೇನೆ. ಮಾವನಿಗೆ ಆ ವರ್ಷ ಆದದ್ದಕ್ಕೆಲ್ಲ ನಮ್ಮ ಮನೆಯಲ್ಲಿ, ಹೋಟೆಲಿನಲ್ಲಿ, ನೆಂಟರಲ್ಲಿ ಎಲ್ಲರೂ ಕೊಟ್ಟ ಕಾರಣ ಒಂದೇ: "ವಯಸ್ಸಾಯ್ತಲ್ಲ." ಅದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ವಯಸ್ಸು ಎಂಬುದು ಕಾರಣವಲ್ಲ, ಕಾರಣ ಹುಡುಕಲು ಬೇಸರವಾದಾಗ ಬಾಯಿಗೆ ಬರುವ ಮಾತು.

ಮಾವ ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು ಹೋಟೆಲು ಸೇರಿದವರು. ಅಡ್ಯಾರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅವರು ಸರಕ್ಕು ಮಾಸ್ಟರ್. ಎಂದರೆ ಇಡ್ಲಿ, ದೋಸೆಯ ಗೋಜು ಅವರದಲ್ಲ; ಸಾಂಬಾರು, ಸಾರು, ಕೂಟು, ಪಲ್ಯಗಳ ರುಚಿಗೆ ಅವರು ಹೊಣೆ. ಅದರಲ್ಲೂ ತನ್ನದೇ ಎಂದು ಬಿಗಿಯಾಗಿ ಹಿಡಿದುಕೊಂಡಿದ್ದದ್ದು ಸಾಂಬಾರು ಪುಡಿಯ ಹುರಿತ. ವಾರಕ್ಕೆ ಎರಡು ದಿನ, ಬೆಳಿಗ್ಗೆ ಆರೂವರೆಗೆ, ಅಗಲವಾದ ಬಾಣಲೆಯಲ್ಲಿ ಕೊತ್ತಂಬರಿ ಬೀಜ, ಮೆಣಸು, ಕಡಲೆಬೇಳೆ, ಮೆಂತ್ಯ ಒಂದೊಂದನ್ನೇ ಬೇರೆಬೇರೆಯಾಗಿ ಹುರಿಯುತ್ತಿದ್ದರು. ಆ ಬಾಣಲೆಯ ಸಟ್ಟುಗವನ್ನು ನಲವತ್ತು ವರ್ಷದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮವರ ಅಡುಗೆಯಲ್ಲಿ ಅಡುಗೆಯವನು ರುಚಿ ನೋಡುವಂತಿಲ್ಲ. ದೇವರಿಗೆ ತೋರಿಸುವ ಮೊದಲು ನಾಲಗೆಗೆ ತಾಗಿಸಿದರೆ ಅದು ಎಂಜಲು. ಮೂಗಿನ ಹತ್ತಿರ ತಂದು ಮೂಸುವುದೂ ತಪ್ಪೇ. ಹೋಟೆಲುಗಳಲ್ಲಿ ಈ ಕಟ್ಟುನಿಟ್ಟು ಎಂದೋ ಸಡಿಲವಾಯಿತು. ಎಲ್ಲರೂ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡುತ್ತಾರೆ. ಮಾವ ಬಿಡಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ದೇವರ ಪಟವಿತ್ತು. ದಿನವೂ ಮೊದಲ ಸೌಟು ಅಲ್ಲಿಗೆ. ತಾನು ಮಾಡಿದ ಸಾಂಬಾರಿನ ರುಚಿ ಅವರಿಗೆ ಗೊತ್ತಾಗುತ್ತಿದ್ದದ್ದು ಮಧ್ಯಾಹ್ನ ಎರಡೂವರೆಗೆ ತಾನು ಉಣ್ಣಲು ಕೂತಾಗ. ಅಷ್ಟರಲ್ಲಿ ನೂರಾರು ಜನ ಉಂಡು ಹೋಗಿರುತ್ತಿದ್ದರು. ಹಾಗಾಗಿ ಹದ ತಿಳಿಯಲು ಅವರಿಗಿದ್ದದ್ದು ಕಣ್ಣು. ಒಣಹುಲ್ಲಿನ ಬಣ್ಣದ ಬೀಜ ಎಷ್ಟು ಕಂದಿದರೆ ಇಳಿಸಬೇಕು ಎಂಬುದನ್ನು ಅವರು ಗಡಿಯಾರ ನೋಡಿ ಕಲಿತವರಲ್ಲ, ಬಣ್ಣ ನೋಡಿ ಕಲಿತವರು.

ಆ ಬಣ್ಣ ಕೈಕೊಡತೊಡಗಿತು.

ಸಕ್ಕರೆ ಕಾಯಿಲೆ ಅವರಿಗೆ ಇಪ್ಪತ್ತು ವರ್ಷದಿಂದ ಇತ್ತು. ಮಾತ್ರೆ ನುಂಗುತ್ತಿದ್ದರು, ಮರೆಯುತ್ತಿದ್ದರು, ಮರೆತದ್ದನ್ನು ಮುಚ್ಚಿಡುತ್ತಿದ್ದರು. ಒಂದು ದಿನ ನಾನು ಕಚೇರಿಗೆ ಹೋಗುವ ಮೊದಲು ಕಾಫಿಗೆಂದು ಹೋಟೆಲಿಗೆ ಹೋಗಿದ್ದಾಗ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಹೋಟೆಲು ಕಟ್ಟಿದವರ ಮಗ, ನನಗಿಂತ ಚಿಕ್ಕವರು.

"ಮಾಸ್ಟ್ರೇ, ಒಂದು ಮಾತು. ಪುಡಿ ಸ್ವಲ್ಪ ಹಸಿ ಆಗ್ತಾ ಉಂಟಂತೆ."

"ಯಾರು ಹೇಳಿದ್ದು?" ಮಾವ ಬಾಣಲೆಯಿಂದ ತಲೆ ಎತ್ತಲಿಲ್ಲ.

"ಗಿರಾಕಿಗಳು."

"ಕೊತ್ತಂಬರಿ ಸರಿ ಇಲ್ಲ. ಮೊದಲಿನ ಅಂಗಡಿಯಿಂದ ತರಿಸಿ."

"ಅಂಗಡಿ ಅದೇ ಮಾಸ್ಟ್ರೇ. ಬೀಜವೂ ಅದೇ."

"ಹಾಗಾದ್ರೆ ಗಿರಾಕಿಗಳು ಸರಿ ಇಲ್ಲ."

ನಾನು ನಕ್ಕೆ. ಯಜಮಾನರು ನಗಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮ ಮಾವನಿಗೆ ಕಣ್ಣು ಮಂಜಾಗಿದೆ ಸಾರ್. ನಿನ್ನೆ ನನ್ನನ್ನು ನೋಡಿ ಹಾಲಿನವ ಅಂತ ಬೈದ್ರು. ಆಪರೇಷನ್ ಮಾಡಿಸಿ ಅಂದ್ರೆ ಜಗಳಕ್ಕೆ ಬರ್ತಾರೆ. ಎರಡು ತಿಂಗಳು ನೋಡ್ತೇನೆ. ಮತ್ತೆ ಫ್ಯಾಕ್ಟರಿ ಪುಡಿ."

"ಮಾವ ಏನು ಮಾಡಬೇಕು?"

"ಕೂತು ಮೇಲ್ವಿಚಾರಣೆ ಮಾಡ್ಲಿ. ಒಳ್ಳೆ ಕುರ್ಚಿ ಹಾಕಿಸ್ತೇನೆ. ವಯಸ್ಸಾಯ್ತಲ್ಲ, ಸಾರ್."

ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿಯ ಮಾತನ್ನು ಪ್ರೀತಿಯಿಂದಲೇ ಆಡಿದರು. ಆದರೆ ಮಾವನನ್ನು ಆ ಬಾಣಲೆಯ ಮುಂದಿನಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಬಾಣಲೆ ಹೋದರೆ ಅವರಿಗೆ ಈ ಊರಿನಲ್ಲಿ ಉಳಿಯಲು ಕಾರಣವೇ ಇರಲಿಲ್ಲ, ಬೇರೆ ಊರೂ ಇರಲಿಲ್ಲ.

ವಿಚಿತ್ರವೆಂದರೆ ನಾನು ಸಂಶೋಧನೆಗೆ ಸೇರಿದಾಗ ಮಾಡುತ್ತಿದ್ದದ್ದು ಇದೇ ಕಣ್ಣಿನ ಪೊರೆಯ ಕೆಲಸ. ಮಾಂಸದ ಮಾರುಕಟ್ಟೆಯಿಂದ ಆಡಿನ ಕಣ್ಣುಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುತ್ತಿದ್ದೆ. ಆ ಫ್ಲಾಸ್ಕು ಹೋಟೆಲಿನದ್ದು ಎಂದು ಅಮ್ಮ ಸಾಯುವವರೆಗೂ ನಂಬಿದ್ದರು. ಅಲ್ಲ, ಅದು ನಾನೇ ಕೊಂಡದ್ದು ಎಂದು ನಾನು ನಂಬಿದ್ದೇನೆ. ಕಣ್ಣಿನಿಂದ ಮಸೂರವನ್ನು ಬಿಡಿಸಿ, ಸಕ್ಕರೆ ಹೆಚ್ಚಿರುವ ದ್ರವದಲ್ಲಿ ಇಡುವುದು. ಮೊದಲ ದಿನ ಅದು ನೀರಿನ ಹನಿಯಷ್ಟು ಸ್ವಚ್ಛ. ಕೆಳಗೆ ಇಟ್ಟ ಕಾಗದದ ಗೆರೆಗಳು ಅದರ ಮೂಲಕ ಕಾಣುತ್ತವೆ. ಎರಡು ಮೂರು ದಿನದಲ್ಲಿ ಗೆರೆಗಳು ಮಸುಕಾಗುತ್ತವೆ. ಆಮೇಲೆ ಗೆರೆಗಳೇ ಇಲ್ಲ, ಬೆಂದ ಮೊಟ್ಟೆಯ ಬಿಳಿ.

ಪೊರೆ ಬಂತು ಎಂದು ನಾವು ಹೇಳುವುದರಿಂದ ಕಣ್ಣಿನ ಮೇಲೆ ಏನೋ ಬೆಳೆದಿದೆ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಒಳಗಿನ ಮಸೂರವೇ ಕೆಡುತ್ತದೆ. ಅದರ ನಡುವಿನ ಪ್ರೋಟೀನು ನಾವು ಹುಟ್ಟುವ ಮೊದಲೇ ತಯಾರಾದದ್ದು, ಒಮ್ಮೆಯೂ ಬದಲಾಗುವುದಿಲ್ಲ. ಮಾವನ ಕಣ್ಣಿನೊಳಗಿದ್ದದ್ದು ನನ್ನ ಅಜ್ಜಿಯ ಹೊಟ್ಟೆಯಲ್ಲಿ ತಯಾರಾದ ಪ್ರೋಟೀನು. ಬೆಳಕು, ಆಮ್ಲಜನಕ ಎರಡೂ ಅದನ್ನು ಬದುಕಿನುದ್ದಕ್ಕೂ ಬಡಿಯುತ್ತವೆ. ಬಡಿತ ತಡೆಯಲು ಮಸೂರದಲ್ಲಿ ಗ್ಲುಟಾಥಯೋನ್ ಎಂಬ ಕಾವಲಿನ ವಸ್ತು ಇದೆ. ವರ್ಷ ಕಳೆದಂತೆ ನಡುಭಾಗದಲ್ಲಿ ಅದು ಕಡಿಮೆಯಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಮಸೂರ ಆ ಸಕ್ಕರೆಯನ್ನು ಸಾಗಹಾಕಲು ಹೊರಡುತ್ತದೆ, ಕಾವಲಿನವನಿಗೆ ಸಲ್ಲಬೇಕಾದ ಶಕ್ತಿಯೂ ಅದಕ್ಕೇ ಖರ್ಚಾಗುತ್ತದೆ. ಇನ್ನೊಂದು ಕಡೆ ಸಕ್ಕರೆ ನೇರವಾಗಿ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಹಳದಿ ಮಾಡುತ್ತದೆ, ಆಮೇಲೆ ಕಂದು. ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಪುಸ್ತಕದಲ್ಲಿ ಓದುವ ಎರಡು ಪದದೊಳಗೆ ಇಷ್ಟೆಲ್ಲ ಇದೆ. ಇದಕ್ಕೆ "ವಯಸ್ಸಾಯ್ತಲ್ಲ" ಎನ್ನುವುದು ಮನೆಗೆ ಕಳ್ಳ ನುಗ್ಗಿದಾಗ "ಕತ್ತಲಾಯ್ತಲ್ಲ" ಎಂದಂತೆ.

ಮಾವನ ಮಗಳು ಒಂದು ಬಾಟಲಿ ತಂದಿದ್ದಳು. ಮೇಲೆ ಚೆಂಡುಹೂವಿನ ಚಿತ್ರ, ಒಳಗೆ ಕಿತ್ತಳೆ ಬಣ್ಣದ ಕ್ಯಾಪ್ಸೂಲು, ಕಣ್ಣಿನ ಪೊರೆಯನ್ನು ತಡೆಯುವ ಆಂಟಿಆಕ್ಸಿಡೆಂಟ್ ಎಂದು ಹೇಳಿಕೆ. ನಾನು ಆ ಬಾಟಲಿಯನ್ನು ನೋಡಿದ್ದೇ ಕೆಂಡವಾದೆ. ನಮ್ಮ ಗಾಜಿನ ಬಟ್ಟಲಲ್ಲಿ ಇಂಥವು ಕೆಲಸ ಮಾಡುತ್ತಿದ್ದವು, ನಿಜ. ಸಕ್ಕರೆ ನೀರಿಗೆ ಒಂದಿಷ್ಟು ವಿಟಮಿನ್ ಸಿ ಹಾಕಿದರೆ ಆಡಿನ ಮಸೂರ ಇನ್ನೊಂದು ದಿನ ಸ್ವಚ್ಛವಾಗಿರುತ್ತಿತ್ತು. ಆದರೆ ಮನುಷ್ಯರು ಮಾತ್ರೆ ನುಂಗಿದಾಗ ನುಂಗದವರಿಗಿಂತ ಅವರ ಕಣ್ಣು ಹೆಚ್ಚು ಕಾಲ ಉಳಿಯಿತು ಎಂದು ನಂಬುವಂಥ ಸಾಕ್ಷಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಂದ ಪೊರೆಯನ್ನು ಕರಗಿಸುವ ಮಾತ್ರೆಯಂತೂ ಇಲ್ಲವೇ ಇಲ್ಲ. ಇದನ್ನೆಲ್ಲ ಅವಳಿಗೆ ವಿವರಿಸಿದೆ. ಅವಳು ಇಲ್ಲೇ ತಮಿಳಿನಲ್ಲಿ ಓದಿ ಬೆಳೆದವಳು, ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಭಾವ, ಲೆಕ್ಚರ್ ಪೋದುಂ. ಅಪ್ಪಾವೆ ಡಾಕ್ಟರ್ ಕಿಟ್ಟ ಕೂಟ್ಟಿಟ್ಟು ಪೋಂಗ," ಎಂದಳು. ಲೆಕ್ಚರ್ ಸಾಕು, ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹಾಗೆ ಒಂದು ಭಾನುವಾರ ಸಂಜೆ ಮಾವನನ್ನು ಒಪ್ಪಿಸಲೆಂದು ಬೆಸೆಂಟ್ ನಗರದ ಕಡಲ ದಂಡೆಗೆ ಕರೆದುಕೊಂಡು ಹೋದೆ. ನನ್ನ ಮನೆಯಿಂದ ನಡೆದೇ ಹೋಗಬಹುದು. ಮಾವ ಮರಳಿನಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಿದ್ದರು, ನೀರಿನಲ್ಲಿ ನಡೆಯುವವರ ಹಾಗೆ. ಇಳಿಬಿಸಿಲಿನ ಬೆಳಕು ಎದುರಿಗಿದ್ದ ತಿಂಡಿ ಗಾಡಿಗಳ ಗಾಜುಗಳಿಂದ ಅವರ ಮುಖಕ್ಕೆ ಬಡಿದಾಗ ಕಣ್ಣು ಪೂರ್ತಿ ಮುಚ್ಚಿದರು. ಕೂತೆವು. ಸಂಭಾಷಣೆ ನನ್ನ ನೆನಪಿನಲ್ಲಿರುವಂತೆ ಬರೆಯುತ್ತೇನೆ. ಇದರಲ್ಲಿ ನಾನು ಆಡಿದ ಮಾತುಗಳು ಸ್ವಲ್ಪ ಹೆಚ್ಚು ಚೊಕ್ಕವಾಗಿ ಕಂಡರೆ, ಅಷ್ಟನ್ನು ಕಳೆದು ಓದಬೇಕು.

"ಮಾವ, ದೋಸೆ ಕೆಂಪಗಾಗುವುದು ಯಾಕೆ ಗೊತ್ತುಂಟಾ?"

"ಕಲ್ಲು ಕಾದದ್ದಕ್ಕೆ. ಇದಕ್ಕೆ ಕಾಲೇಜು ಬೇಕಾ?"

"ಸಕ್ಕರೆಯ ಅಂಶ, ಪ್ರೋಟೀನಿನ ಅಂಶ ಬಿಸಿಗೆ ಸೇರಿದ್ದಕ್ಕೆ. ಕೊತ್ತಂಬರಿ ಕಂದುವುದರಲ್ಲೂ ಅದೇ ಉಂಟು. ನಿಮ್ಮ ಕಣ್ಣೊಳಗೂ ಅದೇ ಆದದ್ದು. ಸಕ್ಕರೆ ಹೋಗಿ ಪ್ರೋಟೀನಿಗೆ ಅಂಟಿ ಕಂದಾಗಿದೆ."

ಮಾವ ಅಲೆಯ ಕಡೆ ಮುಖ ತಿರುಗಿಸಿದರು.

"ಅಂದ್ರೆ ನನ್ನ ಕಣ್ಣು ಹುರಿದುಹೋಗಿದೆ ಅಂತ."

"ಹಾಗೇ ಅನ್ನಿ."

"ಎಷ್ಟು ಉರಿಯಲ್ಲಿ?"

"ಉರಿ ಇಲ್ಲ. ಮೈಬಿಸಿಯಲ್ಲಿ. ಅರುವತ್ತನಾಲ್ಕು ವರ್ಷ."

"ಮಂದ ಉರಿ," ಎಂದರು, ಒಪ್ಪಿಗೆಯಾದವರ ಹಾಗೆ. "ಒಳ್ಳೆ ಹುರಿತ ಮಾರಾಯ. ನಮ್ಮ ಹೋಟೆಲಲ್ಲಿ ಯಾರಿಗೂ ಇಷ್ಟು ತಾಳ್ಮೆ ಇಲ್ಲ."

"ತಮಾಷೆ ಬೇಡ ಮಾವ. ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ ಅದಕ್ಕೆ..."

"ನನಗೆ ಯಾವ ಸ್ಟ್ರೆಸ್ಸೂ ಇಲ್ಲ. ನೀನು ಬಾಯಿ ತೆಗೆದಾಗ ಸ್ವಲ್ಪ ಬರ್ತದೆ. ಮತ್ತೆ, ನೆಲ್ಲಿಕಾಯಿ ತಿಂದ್ರೆ ಕಣ್ಣು ಉಳಿತದೆ ಅಂತ ಹೇಳಿದ್ದು ಯಾರು? ನೀನೇ. ಆಗ ಆಡಿನ ಕಣ್ಣು ಕೀಳ್ತಾ ಇದ್ದಿ. ಅವತ್ತಿಂದ ದಿನಕ್ಕೆರಡು ತಿಂದಿದ್ದೇನೆ."

"ನಾನು ಹಾಗೆ ಹೇಳಲಿಲ್ಲ."

"ಹೇಳಿದ್ದಿ."

"ಇಲ್ಲ ಮಾವ."

"ಹೇಳಿದ್ದಿ. ನನ್ನ ಕಣ್ಣು ಹೋಗಿರಬಹುದು, ಕಿವಿ ಹೋಗ್ಲಿಲ್ಲ."

ನಾನು ಹೇಳಿದ್ದೆನೇ? ಇಪ್ಪತ್ತೈದರ ವಯಸ್ಸಿನಲ್ಲಿ, ಗಾಜಿನ ಬಟ್ಟಲಿನಲ್ಲಿ ಒಂದು ದಿನದ ಗೆಲುವು ಕಂಡ ಉತ್ಸಾಹದಲ್ಲಿ, ಹೇಳಿರಬಹುದು. ಹೇಳಿದ್ದರೆ, ಇನ್ನೊಬ್ಬರ ಬಾಟಲಿಯ ಮೇಲೆ ಕೆಂಡವಾಗಲು ನನಗೇನು ಅಧಿಕಾರ? ಈ ಪ್ರಶ್ನೆಯನ್ನು ನಾನು ತೀರ್ಮಾನಿಸಿಲ್ಲ. ತೀರ್ಮಾನಿಸಲು ದಾಖಲೆ ಇಲ್ಲ, ನಾವಿಬ್ಬರೇ ಇದ್ದೇವೆ, ಇಬ್ಬರೂ ಹಟಮಾರಿಗಳು.

ಕತ್ತಲಾಗುವ ಮುಂಚೆ ನಾನು ಯಜಮಾನರ ಕುರ್ಚಿಯ ವಿಷಯ ಹೇಳಿದೆ. ಹೇಳಬಾರದಿತ್ತೋ ಏನೋ. ಮಾವ ಎದ್ದು ಮರಳು ಕೊಡವಿಕೊಂಡರು.

"ಕುರ್ಚಿಯಾ? ಅವನ ಅಪ್ಪ ನನ್ನನ್ನು ಒಂದು ದಿನ ಕೂರ್ಲಿಕ್ಕೆ ಬಿಡ್ಲಿಲ್ಲ. ಮಗ ಕೂರಿಸ್ತಾನಂತೆ."

ಮುಂದಿನ ವಾರವೇ ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ನಾನು ಗೆದ್ದೆ ಎಂದುಕೊಂಡೆ. ಹುರಿದ ಕಣ್ಣಿನ ಹೋಲಿಕೆ ಮಾವನ ಮನಸ್ಸಿಗೆ ನಾಟಿತು, ನನ್ನ ವಿದ್ಯೆ ಕೊನೆಗೂ ಮನೆಯವರೊಬ್ಬರಿಗೆ ಉಪಯೋಗಕ್ಕೆ ಬಂತು ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮಾವ ಅಲ್ಲಗಳೆಯಲಿಲ್ಲ. ಕೇಳಿದವರಿಗೆ "ಹೌದು, ಇವ ದೊಡ್ಡ ವಿಜ್ಞಾನಿ" ಎನ್ನುತ್ತಿದ್ದರು. ಆ ದನಿಯಲ್ಲಿ ಏನಿತ್ತೆಂದು ಆಗ ಗಮನಿಸಲಿಲ್ಲ.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಮಸೂರ ಗಟ್ಟಿಯಾಗಿತ್ತು, ಚೆನ್ನಾಗಿ ಕಂದಾಗಿತ್ತು, ಒಡೆಯಲು ಹೊತ್ತು ಹಿಡಿಯಿತು ಎಂದರು ವೈದ್ಯರು. ಮರುದಿನ ಪಟ್ಟಿ ಬಿಚ್ಚಿದಾಗ ಮಾವ ಮೊದಲು ನೋಡಿದ್ದು ತಾನು ಉಟ್ಟ ಪಂಚೆಯನ್ನು.

"ಇದಕ್ಕೆ ಇಷ್ಟು ನೀಲಿ ಹಾಕಿದ್ದು ಯಾರು?"

"ಅಪ್ಪಾ, ಅದು ಎಪ್ಪವುಮೇ ಅಪ್ಪಡಿದಾನ್," ಎಂದಳು ಮಗಳು. ಯಾವಾಗಲೂ ಅದು ಹಾಗೆಯೇ ಇತ್ತು. ಮಾವ ಆಸ್ಪತ್ರೆಯ ಗೋಡೆ, ಹಾಸಿಗೆಯ ಹೊದಿಕೆ, ನನ್ನ ತಲೆಗೂದಲು ಒಂದೊಂದನ್ನೇ ನೋಡಿದರು. "ನಿನಗೆ ಇಷ್ಟು ಬಿಳಿ ಯಾವಾಗ ಬಂತು ಮಾರಾಯ?" ಎಂದರು.

ಒಂದು ತಿಂಗಳು ಒಲೆಯ ಹೊಗೆ ಬೇಡ ಎಂದಿದ್ದರು. ಆ ತಿಂಗಳು ಹೋಟೆಲಿಗೆ ಫ್ಯಾಕ್ಟರಿ ಪುಡಿ ಬಂತು. ಹೊಸ ಪೆಟ್ಟಿಗೆಗಳು ಅಡುಗೆಮನೆಯ ಮೂಲೆಯಲ್ಲಿ ಕೂತವು. ತಿಂಗಳು ಮುಗಿದ ಮರುದಿನ ಆರೂವರೆಗೆ ಮಾವ ಬಾಣಲೆಯ ಮುಂದೆ. ಯಜಮಾನರು ಕೈಕಟ್ಟಿ ನಿಂತಿದ್ದರು. ನಾನೂ ಇದ್ದೆ. ಯಜಮಾನರು ಮೊದಲೇ ಹೇಳಿದ್ದರು: "ಇವತ್ತಿನ ಪುಡಿ ನೋಡ್ತೇನೆ ಮಾಸ್ಟ್ರೇ. ಸರಿ ಬಂದ್ರೆ ನಿಮ್ದು. ಇಲ್ಲದಿದ್ರೆ ಪೆಟ್ಟಿಗೆ ಒಡೆಯುದು, ನೀವು ಬೇಜಾರ್ ಮಾಡ್ಬಾರ್ದು."

ಈಗ ಆ ಬೆಳಿಗ್ಗೆಗೆ ಬಂದೆ. ಮಾವ ಕೊತ್ತಂಬರಿ ಸುರಿದರು. ಸಟ್ಟುಗ ತಿರುಗಿತು. ಬೀಜ ಸಿಡಿಯತೊಡಗಿತು, ಕಂದತೊಡಗಿತು. ಇಳಿಸುವ ಹೊತ್ತು ಬಂತೆಂದು ನನಗನಿಸಿತು. ಮಾವ ಬಾಣಲೆಗೆ ಬಗ್ಗಿ "ಇನ್ನೂ ಆಗ್ಲಿಲ್ಲ" ಎಂದರು. ಮತ್ತೂ ತಿರುಗಿಸಿದರು. "ಇನ್ನೂ ಆಗ್ಲಿಲ್ಲ." ಹೊಗೆ ಎಷ್ಟಿತ್ತೋ ಬಿಡಿ, ಬಣ್ಣ ಮೀರಿತು. ಒಂದು ವಿಷಯ ಮಾತ್ರ ನನಗೆ ಸಂಶಯವಿಲ್ಲದೆ ನೆನಪಿದೆ, ಯಾಕೆಂದರೆ ಅದು ನನಗೆ ಅವಮಾನದ್ದು: ಹೀಗಾಗಬಹುದೆಂದು ನನಗೆ ಗೊತ್ತಿತ್ತು. ಕಂದು ಮಸೂರ ತೆಗೆದು ಸ್ವಚ್ಛವಾದದ್ದನ್ನು ಇಟ್ಟರೆ ಲೋಕ ಇದ್ದಕ್ಕಿದ್ದಂತೆ ಬೆಳ್ಳಗೆ, ನೀಲಿಯಾಗಿ ಕಾಣುತ್ತದೆ. ಆ ಕಣ್ಣಿಗೆ ಹದವಾಗಿ ಹುರಿದ ಬೀಜವೂ ಹಸಿಯಾಗಿಯೇ ಕಾಣುತ್ತದೆ. ಪಂಚೆಯ ನೀಲಿಯನ್ನು ನೋಡಿದ ದಿನವೇ ಮಾವನಿಗೆ ಎಚ್ಚರಿಕೆ ಹೇಳಬೇಕಿತ್ತು. ಲೋಕದ ಎಲ್ಲ ವಾಕ್ಯಗಳನ್ನು ತಾಳೆ ನೋಡುವವನಿಗೆ ಅದು ಹೊಳೆಯಲಿಲ್ಲ.

ಯಜಮಾನರು ಒಂದು ಬೀಜ ಬಾಯಿಗೆ ಹಾಕಿ ಅಗಿದು ಮುಖ ಕಿವುಚಿದರು. ಪೆಟ್ಟಿಗೆಗಳ ಕಡೆ ತಿರುಗಿದರು.

"ನಿಲ್ಲಿ," ಎಂದರು ಮಾವ. "ಇನ್ನೊಂದು ಬಾಣಲೆ."

"ಮಾಸ್ಟ್ರೇ, ಬೇಡ. ಸಾಕು. ಇಷ್ಟು ವರ್ಷ ಮಾಡಿದ್ದೀರಿ..."

"ಇಷ್ಟು ವರ್ಷ ಮಾಡಿದವನಿಗೆ ಒಂದು ಬಾಣಲೆ ಇಲ್ವಾ?"

ಯಜಮಾನರು ನಿಂತರು.

ಮಾವ ಹೆಗಲ ಮೇಲಿನ ಬೈರಾಸಿನಿಂದ ಬಲಗಣ್ಣು ಮುಚ್ಚಿಕೊಂಡು ಬೀಜ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಮೂರು ನಾಲ್ಕು ಸಲ ಹಾಗೆ ಮಾಡಿದರು. "ಹಳೆ ಕಣ್ಣಿಗೆ ಕಪ್ಪು. ಹೊಸ ಕಣ್ಣಿಗೆ ಬಿಳಿ. ಇಬ್ಬರು ಸಾಕ್ಷಿ, ಇಬ್ಬರನ್ನೂ ನಂಬ್ಲಿಕ್ಕಾಗುದಿಲ್ಲ," ಎಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಬಾ ಇಲ್ಲಿ. ನಿನಗೆ ಮಡಿ ಇಲ್ಲ, ಜಪ ಇಲ್ಲ, ದೇವರೂ ಇಲ್ಲ. ನಾಲಗೆ ಒಂದುಂಟು, ಉದ್ದದ್ದು. ನಿಂತು ತಿನ್ನು."

ಹೀಗೆ ನಾನು ನಾಲಗೆಯಾದೆ. ಹೊಸ ಬೀಜ ಬಾಣಲೆಗೆ ಬಿತ್ತು. ಒಂದೊಂದು ನಿಮಿಷಕ್ಕೆ ಮಾವ ಒಂದು ಚಮಚ ಬೀಜ ತೆಗೆದು ಒಂದೊಂದು ಬಿಳಿ ಸಾಸರಿಗೆ ಹಾಕಿ ಕಿಟಕಿಯ ಕಟ್ಟೆಯಲ್ಲಿ ಸಾಲಾಗಿ ಇಡುವುದು, ನಾನು ಪ್ರತಿಯೊಂದರಿಂದ ಎರಡು ಬೀಜ ಅಗಿದು ಹೇಳುವುದು.

"ಹಸಿ."

"ಹ್ಞೂಂ."

"ಹಸಿ."

"ಹ್ಞೂಂ."

"ಇದೂ ಹಸಿ... ಇಲ್ಲ, ಬರ್ತಾ ಉಂಟು."

"ಸರಿಯಾಗಿ ಹೇಳು. ಕಾಲೇಜಿನಲ್ಲಿ ಹೀಗೇ ಹೇಳಿದ್ರೆ ಪಾಸು ಮಾಡ್ತಿದ್ರಾ?"

"ಬಂತು. ಇದು ಬಂತು, ಮಾವ."

"ಇದು?"

"ಕಹಿ."

ಯಜಮಾನರು ಹತ್ತಿರ ಬಂದು ನನ್ನ "ಬಂತು" ಎಂಬ ಸಾಸರಿನಿಂದ ತಾವೂ ಎರಡು ಬೀಜ ತಿಂದರು. ತಲೆಯಾಡಿಸಿದರು. ಮಾವ ಆ ಸಾಸರನ್ನು ಕಿಟಕಿಯ ಬೆಳಕಿಗೆ ಹಿಡಿದು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಇದಾ? ಇದು ಇಷ್ಟು ಬೆಳ್ಳಗೆ ಉಂಟಾ?"

"ಯಾವಾಗಲೂ ಇಷ್ಟೇ ಇದ್ದದ್ದು."

"ನನಗೆ ಹಾಗೆ ಇರ್ಲಿಲ್ಲ." ಅವರು ಸಾಸರು ಕೆಳಗಿಡಲಿಲ್ಲ. "ಸರಿ. ಇನ್ನು ಇದು."

ಮೂರನೆಯ ಬಾಣಲೆಯನ್ನು ಆ ಸಾಸರು ಎದುರಿಗಿಟ್ಟುಕೊಂಡು ಹುರಿದರು. ಆ ಮಧ್ಯಾಹ್ನದ ಸಾಂಬಾರನ್ನು ಯಜಮಾನರು ಎರಡು ಸಲ ಹಾಕಿಸಿಕೊಂಡು ಉಂಡರಂತೆ. ನಾನು ಅಷ್ಟರಲ್ಲಿ ಕಚೇರಿಯಲ್ಲಿದ್ದೆ, ಹಲ್ಲಿನ ಸಂದಿಯಲ್ಲೆಲ್ಲ ಕೊತ್ತಂಬರಿ. ಪೆಟ್ಟಿಗೆಗಳು ವಾರದೊಳಗೆ ವಾಪಸು ಹೋದವು. ಮುಂದಿನ ಎರಡು ತಿಂಗಳು ಹುರಿತದ ದಿನಗಳಲ್ಲೆಲ್ಲ ನಾನು ಆರೂವರೆಗೆ ಹಾಜರು. ಸಾಸರು ಇಟ್ಟುಕೊಂಡರೂ ಮಾವ ನನ್ನ ನಾಲಗೆಯನ್ನು ಬಿಡಲಿಲ್ಲ. ಒಂದು ದಿನ "ಇನ್ನು ನೀನು ಬರುದು ಬೇಡ, ಕಣ್ಣು ಕಲಿತಿದೆ" ಎಂದರು. ಸಾಸರನ್ನೂ ತೊಳೆದು ಒಳಗಿಟ್ಟರು.

ಕಂದು ಮಸೂರದಿಂದ ಹಸಿ ಬೀಜವೂ ಹುರಿದಂತೆ ಕಂಡು ಮಾವ ಬೇಗ ಇಳಿಸುತ್ತಿದ್ದರು ಎಂಬ ನನ್ನ ಸಿದ್ಧಾಂತ ಅಷ್ಟು ಚೊಕ್ಕವಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಮಸೂರ ವರ್ಷಾನುಗಟ್ಟಲೆ ನಿಧಾನವಾಗಿ ಕಂದಾಗುವಾಗ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ. ಬಿಳಿಯನ್ನು ಬಿಳಿಯೆಂದೇ ತಿಳಿಯುತ್ತದೆ. ಹಾಗಿದ್ದರೆ ಮೊದಲು ಪುಡಿ ಹಸಿಯಾದದ್ದು ಯಾಕೆ? ಮಂಜಿನಿಂದ ಸೂಕ್ಷ್ಮ ಬಣ್ಣಗಳ ನಡುವಿನ ಅಂತರ ಅಳಿಸಿಹೋಗಿರಬಹುದು. ಕೊನೆಯ ಒಂದು ವರ್ಷದಲ್ಲಿ ಕಂದು ಬೇಗ ಏರಿ ಮೆದುಳು ಹಿಂದೆ ಬಿದ್ದಿರಬಹುದು. ಸೀಯುವ ಹೆದರಿಕೆಯಿಂದ ಮಾವ ಬೇಗ ಇಳಿಸಿರಬಹುದು. ಅಥವಾ, ನಿಜಕ್ಕೂ ಕೊತ್ತಂಬರಿಯೇ ಸರಿಯಿರಲಿಲ್ಲವೋ. ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನನಗೆ ನಾಚಿಕೆಯಿಲ್ಲ. ಇದೇ ವರ್ಷ ನನ್ನ ಕಣ್ಣಿನಲ್ಲೂ ಮೊದಲ ಮಬ್ಬು ಕಂಡಿದೆ, ಸಕ್ಕರೆಯೂ ಗಡಿಯಲ್ಲಿದೆ. "ವಯಸ್ಸಿಗೆ ಸಹಜ" ಎಂದು ಪರೀಕ್ಷಿಸಿದವರು ಬರೆದುಕೊಟ್ಟರು. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟುಕೊಂಡಿದ್ದೇನೆ, ಸಂಜೆ ಊಟದ ಅನ್ನ ಅರ್ಧಕ್ಕೆ ಇಳಿಸಿದ್ದೇನೆ. ಸಹಜವಾದದ್ದಕ್ಕೆಲ್ಲ ತಲೆಬಾಗಬೇಕೆಂಬ ನಿಯಮ ಎಲ್ಲೂ ಇಲ್ಲ.

ಇನ್ನುಳಿದದ್ದು ಕಡಲ ದಂಡೆಯ ಸಂಜೆ. ನನ್ನ ಮಾತಿನಿಂದಲೇ ಮಾವ ಶಸ್ತ್ರಚಿಕಿತ್ಸೆಗೆ ಒಪ್ಪಿದರು ಎಂದು ಒಮ್ಮೆ ಅವರ ಮಗಳ ಎದುರಿಗೆ ಹೇಳಿದಾಗ ಅವಳು ನಕ್ಕಳು. "ಅಪ್ಪಾ ಅದುಕ್ಕು ಮುನ್ನಾಡಿಯೇ ತನಿಯಾ ಪೋಯಿಟ್ಟು ವಂದುಟ್ಟಾರು," ಎಂದಳು. ಅಪ್ಪ ಅದಕ್ಕೆ ಮೊದಲೇ ಒಬ್ಬರೇ ಆಸ್ಪತ್ರೆಗೆ ಹೋಗಿ ಬಂದಿದ್ದರಂತೆ. ಅವಳಿಗೂ ಆಮೇಲೆ ಗೊತ್ತಾದದ್ದು. ಸಕ್ಕರೆ ಹೆಚ್ಚಿದೆ, ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದರಂತೆ. ಅವರು ಯಾರಿಗೂ ಹೇಳದೆ ಇಳಿಸಿಕೊಳ್ಳುತ್ತಿದ್ದರಂತೆ. ನಾನು ನಂಬಲಿಲ್ಲ. ಹೊಗೆಯ ವಾಸನೆ ನೆನಪಿದೆ ಎನ್ನುವವಳೂ ಇವಳೇ ತಾನೆ.

ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಮಾವನ ಜೊತೆ ಹೋದಾಗ ಅರ್ಜಿ ತುಂಬಲೆಂದು ಅವರ ಫೈಲು ನನ್ನ ಕೈಗೆ ಬಂತು. ಮಾವ ಒಳಗೆ ಹನಿ ಹಾಕಿಸಿಕೊಳ್ಳುತ್ತಿದ್ದರು. ಕಡಲ ದಂಡೆಯ ಸಂಜೆ ನಾನು ತೆಗೆದ ಅವರ ಫೋಟೊ ನನ್ನ ಫೋನಿನಲ್ಲಿ ಇತ್ತು, ಅದರ ತಾರೀಖನ್ನು ನೋಡಿದೆ. ಫೈಲಿನ ಮೊದಲ ಹಾಳೆಯ ತಾರೀಖನ್ನು ನೋಡಿದೆ. ಮೊದಲ ಭೇಟಿ ಆ ಸಂಜೆಗಿಂತ ಹತ್ತೊಂಬತ್ತು ದಿನ ಮೊದಲು. ಜೊತೆಗೆ ಬಂದವರು ಎಂಬಲ್ಲಿ ಒಂದು ಗೆರೆ ಎಳೆದಿತ್ತು. ರೋಗಿ ಹೇಳಿಕೊಂಡ ತೊಂದರೆ ಎಂಬಲ್ಲಿ ವೈದ್ಯರು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದರು: ಹುರಿದ ಕೊತ್ತಂಬರಿಯ ಬಣ್ಣ ಗೊತ್ತಾಗುತ್ತಿಲ್ಲ, ಆರು ತಿಂಗಳಿಂದ.